ಚಿತ್ರ ನಿಲ್ಲಲಿಲ್ಲ

ಮೊದಲನೇ ಕರೆಯನ್ನು ಕಟ್ ಮಾಡಿದ್ದು ಅಣವೀರನ ಹೆಬ್ಬೆರಳು. ಅಣವೀರನಿಗೆ ಗೊತ್ತಾದದ್ದು ಆಮೇಲೆ. ಚಿತ್ತಾಪುರದ ಕಲ್ಯಾಣ ಮಂಟಪದ ಮೂಲೆಯಲ್ಲಿ, ಪೇರಿಸಿಟ್ಟ ಊಟದ ಕುರ್ಚಿಗಳಿಗೆ ಬೆನ್ನು ಕೊಟ್ಟು, ಪ್ಲಾಸ್ಟಿಕ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವನು ಕೂತಿದ್ದ. ಲ್ಯಾಪ್‌ಟಾಪಿನ ಒಂದು ಮಗ್ಗುಲಿಗೆ ಎರಡು ಕ್ಯಾಮೆರಾಗಳ ವೈರು, ಇನ್ನೊಂದು ಮಗ್ಗುಲಿಗೆ ಗೇಣುದ್ದದ ಬಿಳಿ ಕೇಬಲ್ಲು, ಆ ಕೇಬಲ್ಲಿನ ತುದಿಗೆ ಅವನ ಫೋನು. ಮಂಟಪದ ವೈಫೈ ಗೋಡೆಯ ಮೇಲೆ ಬರೆದದ್ದಷ್ಟೇ ಇತ್ತು, ಗಾಳಿಯಲ್ಲಿ ಇರಲಿಲ್ಲ. ಹಾಗಾಗಿ ಅವನ ಫೋನಿನ ನೆಟ್ಟೇ ಆ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಇಳಿದು, ಅಲ್ಲಿಂದ ಕಾಶಪ್ಪ ಸಾಹುಕಾರರ ಮಗಳು ಶ್ರುತಿಯ ಮದುವೆಯನ್ನು ಹೊತ್ತು ಜಗತ್ತಿಗೆ ಹೋಗುತ್ತಿತ್ತು. ಜಗತ್ತೆಂದರೆ ಆ ಹೊತ್ತಿಗೆ ನಲವತ್ತೊಂದು ಜನ. ಅವರಲ್ಲಿ ಲೆಕ್ಕಕ್ಕೆ ಬರುವವನು ಒಬ್ಬನೇ, ದಮ್ಮಾಮಿನಲ್ಲಿ ಕ್ರೇನು ನಡೆಸುವ ಕಾಶಪ್ಪನವರ ಮಗ. ಒಬ್ಬಳೇ ತಂಗಿಯ ಮದುವೆಗೆ ರಜೆ ಸಿಗದೆ ಅವನು ಅಲ್ಲಿಂದಲೇ ನೋಡುತ್ತಿದ್ದ. ‘ಅವ ಅಕ್ಕಿಕಾಳು ಬೀಳೋದು ನೋಡಬೇಕು, ಅದೊಂದು ತಪ್ಪಬಾರದು’ ಎಂದು ಕಾಶಪ್ಪ ಬೆಳಿಗ್ಗೆಯಿಂದ ಮೂರು ಸಲ ಬಂದು ಹೇಳಿ ಹೋಗಿದ್ದರು. ಆಗ ಫೋನು ಟೇಬಲ್ಲಿನ ಮೇಲೆ ಗುರುಗುಟ್ಟಿತು. ‘ಅಂಬಿ’ ಎಂದು ಹೆಸರು ಮೂಡಿತು. ಹೆಬ್ಬೆರಳು ಕೆಂಪನ್ನು ಒತ್ತಿತು. ಹನ್ನೊಂದು ಐವತ್ತೆರಡು.

ಆ ಫೋನಿಗೊಂದು ರೋಗವಿತ್ತು. ಕರೆ ಎತ್ತಿದರೆ ನೆಟ್ ಸಾಯುತ್ತಿತ್ತು. ಬರೀ ರಿಂಗಾದರೆ ಮೂರು ನಾಲ್ಕು ರಿಂಗಿನವರೆಗೆ ತಾಳಿಕೊಂಡು ಆಮೇಲೆ ಚಿತ್ರ ತೊದಲುತ್ತಿತ್ತು. ಕರೆಗಳೇ ಬರದಂತೆ ಮಾಡಿಡಬಹುದಿತ್ತು, ಆದರೆ ಮಶಾಕ ವೇದಿಕೆಯ ಮೇಲಿದ್ದ. ಮಶಾಕ ಕ್ಯಾಮೆರಾ ಹಿಡಿಯುವವನು, ಎಂಟು ವರ್ಷದ ಜೊತೆಗಾರ. ವಾದ್ಯದ ಗದ್ದಲದಲ್ಲಿ ಕೂಗಿ ಹೇಳುವುದು ಆಗದ ಮಾತು. ಹಾಗಾಗಿ ಅವರಿಬ್ಬರೂ ಮಿಸ್ ಕಾಲಿನಲ್ಲೇ ಮಾತಾಡುವುದನ್ನು ರೂಢಿಸಿಕೊಂಡಿದ್ದರು. ಒಂದು ರಿಂಗು ಬಂದು ನಿಂತರೆ ಎರಡನೇ ಕ್ಯಾಮೆರಾಕ್ಕೆ ಹೋಗು ಎಂದು. ಎರಡು ರಿಂಗಾದರೆ ಮೈಕಿನ ದನಿ ಇಳಿಸು ಎಂದು. ಮೂರಾದರೆ ಏನೋ ಕೆಟ್ಟಿದೆ, ಎದ್ದು ಬಾ ಎಂದು. ಮದುವೆ ಮದುವೆಗೆ ಅಣವೀರನ ಹೆಬ್ಬೆರಳು ಫೋನಿನ ಮೇಲೆ ಸುಳಿದಾಡುತ್ತ, ಬೇಕಾದ ರಿಂಗನ್ನು ಎಣಿಸುತ್ತ, ಬೇಡದ್ದನ್ನು ಒರೆಸಿಹಾಕುತ್ತ ಇರುತ್ತಿತ್ತು. ಆ ಬೆರಳಿಗೆ ಅಂಬಿಕಾ ಎಂದರೆ ಒಡಹುಟ್ಟಿದ ತಂಗಿ ಎಂದು ಗೊತ್ತಿರಲಿಲ್ಲ ಎಂದು ಆಮೇಲೆ ಅವನು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳು. ಎರಡನೇ ಸಲ ಹೆಸರು ಮೂಡಿದಾಗ ಅವನು ಓದಿದ್ದ, ಓದಿ ಮೈಯೆಲ್ಲ ಉರಿದುಹೋಗಿತ್ತು.

ಉರಿಯುವುದಕ್ಕೆ ಕಾರಣ ಕಾಳಗಿ. ಆರು ತಿಂಗಳ ಹಿಂದೆ ಕಾಳಗಿಯ ಒಂದು ಮದುವೆಯಲ್ಲಿ ಇದೇ ಫೋನು, ಇದೇ ಕೇಬಲ್ಲು. ಮಂಗಳಾಷ್ಟಕ ನಡೆಯುತ್ತಿತ್ತು, ಜನ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ನಿಂತಿದ್ದರು, ಅಂಬಿಕಾ ಫೋನು ಮಾಡಿದಳು. ಅವನು ಯಾಕೋ ಎತ್ತಿಬಿಟ್ಟ. ‘ಅಣ್ಣಾ, ಪುಂಡಿಪಲ್ಯಕ್ಕ ಅವ್ವ ನುಚ್ಚು ಮೊದಲ ಹಾಕತಿದ್ಳೋ ಆಮ್ಯಾಲ ಹಾಕತಿದ್ಳೋ?’ ಅವ್ವ ಸತ್ತು ಎರಡು ವರ್ಷವಾಗಿತ್ತು, ಕೇಳಲು ಅವಳಿಗೆ ಬೇರೆ ಯಾರೂ ಇರಲಿಲ್ಲ. ‘ಮೊದಲ’ ಎಂದು ಅವನು ಹೇಳುವಷ್ಟರಲ್ಲಿ ಪರದೆಯ ಮೇಲೆ ಮದುಮಗಳ ಮುಖ ಅರ್ಧ ಕಣ್ಣು ಮುಚ್ಚಿ ನಿಂತುಹೋಗಿತ್ತು, ನೆಟ್ ತಿರುಗಿ ಬರುವಾಗ ಅಕ್ಕಿಕಾಳು ನೆಲಕ್ಕೆ ಬಿದ್ದಾಗಿತ್ತು. ಮದುಮಗನ ಸೋದರಮಾವ ನಡೆದು ಬಂದ. ಓಡಿ ಬರಲಿಲ್ಲ, ನಿಧಾನವಾಗಿ ನಡೆದು ಬಂದ. ಪಂಚೆಯ ತುದಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯಿಂದ ಹೊಡೆದ. ನಾನೂರು ಜನ ನೋಡಿದರು. ಟೇಬಲ್ಲಿನ ಮೇಲಿದ್ದ ಮೈಕು ಆನ್ ಆಗಿತ್ತು. ವಾರದ ಮೇಲೆ ಅಂಗಡಿಯಲ್ಲಿ ಕೂತು ಆ ಮದುವೆಯ ಎಡಿಟಿಂಗ್ ಮಾಡುವಾಗ, ಶಹನಾಯಿಯ ನಡುವೆ ಆ ಏಟು ಚಟ್ ಎಂದು ಕಿವಿಗೆ ಬಂತು. ಅವನು ಅದನ್ನು ಕತ್ತರಿಸುವ ಮೊದಲು ನಾಲ್ಕೈದು ಸಲ ಕೇಳಿದ. ಕೆನ್ನೆಗೆ ಬಿದ್ದದ್ದಕ್ಕಿಂತ ಹೆಡ್‌ಫೋನಿನಲ್ಲಿ ಕೇಳಿದ್ದು ಹೆಚ್ಚು ಅವಮಾನವಾಗಿತ್ತು. ಹೊಡೆತ ತಿಂದ ಸಂಜೆಯೇ ತಂಗಿಗೆ ಫೋನು ಮಾಡಿ ಹೇಳಿದ್ದ: ‘ನಾ ಲೈವ್‌ದಾಗ ಇದ್ದಾಗ ಸತ್ರೂ ಫೋನ್ ಮಾಡಬ್ಯಾಡ, ತಿಳೀತಿಲ್ಲೋ?’ ಅವಳು ‘ಆಯ್ತಣ್ಣಾ’ ಎಂದಿದ್ದಳು. ಆ ಮೇಲೆ ಒಂದು ಮದುವೆಗೂ ಅವಳ ಕರೆ ಬಂದಿರಲಿಲ್ಲ.

ಆರು ತಿಂಗಳು ಮಾತು ಉಳಿಸಿಕೊಂಡವಳು ಇವತ್ತು ಯಾಕೆ ಮಾಡುತ್ತಾಳೆ ಎಂದು ಯೋಚಿಸಬೇಕಿತ್ತು. ಲೈವ್ ಇದೆಯೆಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಮನೆಯವರ ಗ್ರೂಪಿಗೆ ಲಿಂಕು ಕಳಿಸಿದ್ದೇ ಅವನು. ಯೋಚಿಸುವ ಬದಲು ಅವನಿಗೆ ಸಿಟ್ಟು ಬಂತು. ಮೂರನೇ ಸಲ ಕಟ್ ಮಾಡುವಾಗ, ಎದುರಿಗಿದ್ದರೆ ಕಪಾಳಕ್ಕೆ ಎರಡು ಬಿಗಿಯುತ್ತಿದ್ದೆ ಎಂದುಕೊಂಡ. ಅಂದುಕೊಂಡದ್ದರಲ್ಲಿ ಸುಖವಿತ್ತು. ತನ್ನ ಕೈ ಅವಳ ಕೆನ್ನೆಗೆ ತಗಲುವುದು, ಅವಳ ತಲೆ ಒಂದು ಕಡೆಗೆ ತಿರುಗುವುದು ಸ್ಪಷ್ಟವಾಗಿ ಕಂಡಿತು. ಹೊಡೆಯುವುದು ಹೊಸದೇನಲ್ಲ. ಶಹಾಬಾದಿನಲ್ಲಿ ಅಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪಾಲಿಶ್ ಮಷೀನಿಗೆ ಕೈಯಾಳಾಗಿದ್ದಾಗ, ಮನೆಯ ಹಿಂದೆ ಒಡೆದ ಕಲ್ಲಿನ ಚೂರುಗಳ ಗುಡ್ಡೆ ಇರುತ್ತಿತ್ತು. ಅವನಿಗೆ ಹನ್ನೆರಡು, ಅವಳಿಗೆ ಆರು. ಅವನ ಗಾಳಿಪಟದ ಮೇಲೆ ಅವಳು ಕಾಲಿಟ್ಟಳು. ಅವನು ಕೈಗೆ ಸಿಕ್ಕ ಚೂರನ್ನು ಎಸೆದ. ಅವಳ ಎಡ ಹುಬ್ಬು ಸೀಳಿ ರಕ್ತ ಕಣ್ಣೊಳಗೆ ಇಳಿಯಿತು. ಅವಳು ಅಳಲಿಲ್ಲ, ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡು ಇನ್ನೊಂದು ಕಣ್ಣಿನಿಂದ ಅವನನ್ನೇ ನೋಡಿದಳು. ಅಪ್ಪ ಬಂದಾಗ ಮೆಟ್ಟಿಲ ಮೇಲೆ ಬಿದ್ದೆ ಎಂದಳು. ಹೆಣ್ಣು ನೋಡಲು ಬಂದ ಕುರಕುಂಟಾದ ಹೆಂಗಸರು ಆ ಕಲೆಯನ್ನು ಮುಟ್ಟಿ ಕೇಳಿದಾಗಲೂ ಮೆಟ್ಟಿಲೆಂದೇ ಹೇಳಿದಳು. ಈ ಮನೆಯಲ್ಲಿ ಮೆಟ್ಟಿಲೇ ಇಲ್ಲವಲ್ಲ ಎಂದು ಆ ಹೆಂಗಸರಲ್ಲಿ ಒಬ್ಬಳು ನಕ್ಕಿದ್ದು ಅವನಿಗೆ ನೆನಪಿತ್ತು.

ಅಷ್ಟರಲ್ಲಿ ಪರದೆಯ ಬದಿಯಲ್ಲಿ ನೋಡುಗರು ಬರೆಯುವ ಸಾಲುಗಳಲ್ಲಿ ಒಂದು ಹೊಸ ಸಾಲು ಬಂತು. ‘ಭಾಳ ಚಂದ ಬರಾಕತ್ತದ ಭಾವಾ.’ ಬರೆದವನು ಸುರೇಶಕುಮಾರ, ಅಂಬಿಕಾಳ ಗಂಡ. ಸಿಮೆಂಟು ಕಾರ್ಖಾನೆಯೊಂದರ ಗೇಟಿನಲ್ಲಿ ಕೂತು ಲಾರಿಗಳ ನಂಬರು ಬರೆದುಕೊಳ್ಳುವವನು. ಸುರೇಶ ಎಂದರೆ ತಿರುಗಿ ನೋಡದೆ ಪೂರ್ತಿ ಹೆಸರಿನಿಂದಲೇ ಕರೆಸಿಕೊಳ್ಳುವವನು. ಅದನ್ನು ಓದಿ ಅಣವೀರನ ಎದೆ ಹಗುರಾಯಿತು. ತಂಗಿಯ ಗಂಡ ಮನೆಯಲ್ಲಿದ್ದಾನೆ, ಆರಾಮವಾಗಿ ಕೂತು ಮದುವೆ ನೋಡುತ್ತಿದ್ದಾನೆ, ಅಂದಮೇಲೆ ಅಲ್ಲಿ ಏನಾಗುತ್ತದೆ? ಇವಳದ್ದು ಎಂದಿನ ಹುಚ್ಚು. ಮದುಮಗಳ ಸೀರೆಯ ಬಣ್ಣ ಯಾವುದೆಂದು ಕೇಳುತ್ತಿರಬೇಕು. ಅವನು ಆ ಸಾಲಿನ ಕೆಳಗೆ ಕೈಮುಗಿದ ಚಿತ್ರವೊಂದನ್ನು ಒತ್ತಿ ಕಳಿಸಿದ.

ನಾಲ್ಕನೇ ಕರೆ ಬಂದಾಗ ಮಾತ್ರ ಹೆಬ್ಬೆರಳು ನಿಂತಿತು. ಯಾಕೆಂದು ಈಗಲೂ ಅವನಿಗೆ ಹೇಳಲು ಬರುವುದಿಲ್ಲ. ವೇದಿಕೆಯ ಮೇಲೆ ಮದುಮಗಳು ಸೋದರತ್ತೆಯ ಕೈ ಹಿಡಿದು ಮಣೆಯ ಮೇಲೆ ಹತ್ತುತ್ತಿದ್ದಳು, ಅವಳ ಎಡ ಹುಬ್ಬಿನ ಮೇಲೆ ಬಾಸಿಂಗದ ಮುತ್ತೊಂದು ಇಳಿಬಿದ್ದಿತ್ತು. ಬೆರಳು ಹಸಿರಿಗೂ ಕೆಂಪಿಗೂ ನಡುವೆ ತೂಗಿತು. ಒಂದು ರಿಂಗು, ಎರಡು, ಮೂರು. ಎತ್ತಿ ‘ಏನವ್ವಾ?’ ಎಂದು ಒಂದು ಮಾತು ಕೇಳಿದರೆ ಆಗುತ್ತಿತ್ತು. ನಾಲ್ಕು, ಐದು. ಪರದೆಯ ಮೇಲೆ ಚಿತ್ರ ಜರ್ರೆಂದು ಸೀಳಿ ನಿಂತುಹೋಯಿತು. ಕೆನ್ನೆ ತಾನಾಗಿಯೇ ಬಿಸಿಯಾಯಿತು, ಕಣ್ಣು ತಾನಾಗಿಯೇ ಪಂಚೆ ಹಿಡಿದುಕೊಂಡು ಬರುವ ಒಬ್ಬನನ್ನು ಮಂಟಪದಲ್ಲೆಲ್ಲ ಹುಡುಕಿತು. ಅವನು ಕೆಂಪನ್ನು ಅದುಮಿದ. ನಾಲ್ಕೈದು ಸೆಕೆಂಡಿನಲ್ಲಿ ಮದುಮಗಳು ಮತ್ತೆ ಅಲುಗಾಡಿ ಮಣೆಯ ಮೇಲೆ ನಿಂತಳು. ಯಾರೂ ಬರಲಿಲ್ಲ. ಆಮೇಲಿನ ಐದು ಕರೆಗಳಲ್ಲಿ ಹೆಬ್ಬೆರಳು ಒಂದು ರಿಂಗಿಗೂ ಕಾಯಲಿಲ್ಲ. ಒಂಬತ್ತನೆಯದು ಬಂದದ್ದು ಹನ್ನೆರಡು ಮೂವತ್ತೆಂಟಕ್ಕೆ, ಭಟ್ಟರು ‘ಸಾವಧಾನ’ ಎನ್ನುತ್ತಿದ್ದಂತೆ, ಸಾವಿರ ಕೈ ಮೇಲೆದ್ದಿದ್ದಾಗ. ಅಕ್ಕಿಕಾಳು ಬಿತ್ತು. ಪೂರ್ತಿ ಬಿತ್ತು, ಒಂದು ಕಾಳೂ ಗಾಳಿಯಲ್ಲಿ ನಿಲ್ಲದೆ ಬಿತ್ತು. ಆ ಮೇಲೆ ಫೋನೂ ಸುಮ್ಮನಾಯಿತು, ಅವನಿಗೂ ನಿರಾಳವಾಯಿತು.

ಅವನು ಮೊದಲು ಊಟ ಮಾಡಿದ. ಇದನ್ನು ಅವನು ಯಾರಿಗೂ ಹೇಳಿಲ್ಲ. ಕೇಬಲ್ಲು ಕಿತ್ತು, ಫೋನು ಜೇಬಿಗೆ ಹಾಕಿ, ಮಶಾಕನ ಜೊತೆ ಪಂಕ್ತಿಯಲ್ಲಿ ಕೂತು ಎರಡು ಹೋಳಿಗೆ ತಿಂದ, ಬದನೆಕಾಯಿ ಎರಡನೇ ಸಲ ಹಾಕಿಸಿಕೊಂಡ. ‘ಫೋನ್ ಭಾಳ ಬರಾಕತ್ತಿತ್ತಲ್ಲ, ಯಾರದು ಭಾಯ್?’ ಎಂದು ಮಶಾಕ ಕೇಳಿದ. ‘ನಮ್ಮ ಅಂಬೀದು. ಸುಮ್ನ’ ಎಂದ. ಕೈ ತೊಳೆದು, ಅಡಿಕೆ ಬಾಯಿಗೆ ಹಾಕಿಕೊಂಡು, ಬೈಯಬೇಕೆಂದೇ ಅವಳಿಗೆ ಫೋನು ಹಚ್ಚಿದ. ಸ್ವಿಚ್ ಆಫ್ ಎಂದಿತು. ಬೈಗುಳ ಬಾಯಲ್ಲೇ ಉಳಿದು ಅಡಿಕೆಯ ಜೊತೆ ಕಹಿಯಾಯಿತು. ಹತ್ತು ನಿಮಿಷಕ್ಕೆ ಗುರುತಿಲ್ಲದ ನಂಬರಿನಿಂದ ಕರೆ ಬಂತು.

‘ಅಣವೀರ ಏನು? ನಾ ಇಮಾಮ್ಬೀ, ಕುರಕುಂಟಾದಾಕಿ. ನಿನ್ನ ತಂಗಿ ಮನಿ ಎದುರಿನಾಕಿ.’

‘ಹೇಳ್ರಿ ಖಾಲಾ.’

‘ತಂಗಿ ನಮ್ಮನ್ಯಾಗ ಅದಾಳ. ನೀ ಬಾ.’

‘ಏನಾಗ್ಯದ?’

‘ಜೀವ ಅದ. ಬಾ ನೀ.’

ಮಂಟಪದ ಹೊರಗೆ ಅಂಗಳಕ್ಕೆ ಹಾಸಿ ಮಿಕ್ಕಿದ ಫರ್ಸಿಯ ತುಂಡುಗಳು ಬಿದ್ದಿದ್ದವು. ಮೊಳದುದ್ದದ ಒಂದನ್ನು ಎತ್ತಿ ತೂಕ ನೋಡಿ, ಗಾಡಿಗೆ ತೂಗುಹಾಕಿದ ಕೇಬಲ್ಲಿನ ಚೀಲದೊಳಗೆ ಇಳಿಸಿದ. ಒಂದು ಅಂಚು ಒಡೆದು ಚೂಪಾಗಿತ್ತು. ‘ಅದ್ಯಾಕ?’ ಎಂದು ಮಶಾಕ ಕೇಳಿದ. ‘ಇರ್ಲಿ’ ಎಂದ. ಮಶಾಕ ಅವನ ಮುಖ ನೋಡಿ, ನಾನೂ ಬರಲೇ ಎಂದ, ಅವನು ಬೇಡವೆಂದ.

ಸೇಡಂ ದಾರಿಯುದ್ದಕ್ಕೂ ಅವನು ಸುರೇಶಕುಮಾರನನ್ನು ಕೊಂದ. ಮೊದಲು ನೆತ್ತಿಗೆ ಹೊಡೆದ, ಅದು ಬೇಗ ಮುಗಿದುಹೋಯಿತು ಎನಿಸಿ ಹಿಂದಕ್ಕೆ ತಂದು ಮೊಣಕಾಲಿನಿಂದ ಶುರು ಮಾಡಿದ. ಮಂಡಿಚಿಪ್ಪು ಒಡೆಯುವುದನ್ನು ಹತ್ತಿರದಿಂದ ತೋರಿಸಿದ, ಅವನು ಬಾಯಿ ತೆರೆಯುವುದನ್ನು ಎರಡನೇ ಕ್ಯಾಮೆರಾದಿಂದ ತೋರಿಸಿದ, ನಂಬರು ಬರೆಯುವ ಬಲಗೈಯನ್ನು ಹೊಸ್ತಿಲ ಮೇಲೆ ಇಡಿಸಿ ಒಂದೊಂದೇ ಬೆರಳನ್ನು ಜಜ್ಜಿದ. ಸಿಮೆಂಟಿನ ಲಾರಿಗಳು ಎದುರಿನಿಂದ ಬಂದು ಮುಖಕ್ಕೆ ಬೂದಿ ಎರಚಿ ಹೋಗುತ್ತಿದ್ದವು. ರಸ್ತೆ ಬದಿಯ ತೊಗರಿ ಗಿಡಗಳು ಮಣ್ಣಿನ ಬಣ್ಣಕ್ಕಿದ್ದವು. ಪ್ರತಿ ಸಲವೂ ಅವನು ಸರಿಯಾದ ಹೊತ್ತಿಗೆ ಬಂದಿರುತ್ತಿದ್ದ, ಬಾಗಿಲು ಒದ್ದು ಒಳಗೆ ನುಗ್ಗುತ್ತಿದ್ದ, ಅಂಬಿ ಇನ್ನೂ ನಿಂತೇ ಇರುತ್ತಿದ್ದಳು. ಹೋದ ನಾಗರಪಂಚಮಿಗೆ ಅವಳು ತವರಿಗೆ ಬಂದಾಗ ಮೊಣಕೈಯಿಂದ ರಟ್ಟೆಯವರೆಗೆ ನೀಲಿಗಟ್ಟಿತ್ತು. ‘ಎಮ್ಮಿ ಗುಮ್ಮಿತಣ್ಣಾ’ ಎಂದಿದ್ದಳು. ‘ದನದ ಹತ್ರ ಹುಷಾರಿರಬೇಕು’ ಎಂದಿದ್ದ ಅವನು. ಕುರಕುಂಟಾದ ಆ ಮನೆಯಲ್ಲಿ ಎಮ್ಮೆ ಇಲ್ಲ, ಆಕಳಿಲ್ಲ, ಕಟ್ಟಲು ಗೂಟವೂ ಇಲ್ಲ. ಸಂಬಂಧ ಕುದುರಿಸಲು ಆ ಮನೆಗೆ ಎರಡು ಸಲ ಹೋಗಿ ಬಂದವನು ಅವನೇ. ಅದು ಅವನಿಗೂ ಗೊತ್ತಿತ್ತು, ಅವನಿಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಇಬ್ಬರೂ ಆ ಎಮ್ಮೆಯನ್ನು ನಡುವೆ ನಿಲ್ಲಿಸಿಕೊಂಡು ಉಂಡೆ ತಿಂದಿದ್ದರು. ಸೇಡಮಿನಲ್ಲಿ ಪೆಟ್ರೋಲು ಹಾಕಿಸಲು ನಿಂತಾಗ, ಬಹಳ ಆಗಿರಬಾರದು ದೇವರೇ ಎಂದು ಬೇಡಿಕೊಂಡ. ಅದರ ಬೆನ್ನಿಗೇ, ತೀರ ಏನೂ ಆಗದೆಯೂ ಇರಬಾರದು, ಚೀಲದ ಕಲ್ಲು ಹೊತ್ತು ಬಂದದ್ದು ನಗೆಪಾಟಲಾದೀತು ಎಂದೂ ಅನಿಸಿತು. ಹೋಳಿಗೆಯ ತುಪ್ಪ ಗಂಟಲಿನಲ್ಲಿಯೇ ಇತ್ತು.

ಇಮಾಮ್ಬೀ ಬಾಗಿಲಲ್ಲೇ ನಿಂತಿದ್ದಳು. ‘ನಮ್ಮ ಮಜೀದ ಆಟೋ ತರಾಕ ಹೋಗ್ಯಾನ, ಸೇಡಂ ದವಾಖಾನಿಗೆ ಒಯ್ಯಬೇಕು’ ಎಂದಳು. ಒಳಗೆ ಚಾಪೆಯ ಮೇಲೆ ಗೋಡೆಗೆ ಒರಗಿ ಅಂಬಿಕಾ ಕೂತಿದ್ದಳು. ಎಡ ಮುಂಗೈಯನ್ನು ಲಟ್ಟಣಿಗೆಯೊಂದಕ್ಕೆ ಸೇರಿಸಿ ಇಮಾಮ್ಬೀ ತನ್ನ ಓಢಣಿಯಿಂದ ಕಟ್ಟಿದ್ದಳು. ಬೆರಳುಗಳು ಊದಿ ಒಂದಕ್ಕೊಂದು ಅಂಟಿಕೊಂಡಿದ್ದವು. ತುಟಿ ಎರಡು ಕಡೆ ಒಡೆದಿತ್ತು. ಎಡ ಹುಬ್ಬಿನ ಹಳೆಯ ಕಲೆ ಮತ್ತೆ ಬಿಟ್ಟುಕೊಂಡು, ಆ ಕಣ್ಣು ಮುಚ್ಚಿಹೋಗಿತ್ತು. ಉಳಿದ ಒಂದು ಕಣ್ಣಿನಿಂದ ಅವಳು ಅವನನ್ನು ನೋಡಿದಳು. ಆ ನೋಟವನ್ನು ಅವನು ಮೊದಲು ಎಲ್ಲಿ ನೋಡಿದ್ದನೋ ಅದು ಅವನಿಗೆ ಚೆನ್ನಾಗಿ ನೆನಪಿತ್ತು.

‘ಮದಿವಿ ಚಂದಾಯ್ತಣ್ಣಾ?’ ಎಂದಳು.

ಅವನು ಚಾಪೆಯ ಅಂಚಿನಲ್ಲಿ ಕುಕ್ಕರಿಸಿದ. ಏನು ಮಾಡಿದ ಅವನು, ಯಾಕೆ ಮಾಡಿದ ಎಂದು ಕೇಳಿದ. ಅವಳು ಮೆಲ್ಲಗೆ, ಒಡೆದ ತುಟಿ ನೋಯದಂತೆ ಮಾತುಗಳನ್ನು ಆರಿಸಿಕೊಂಡು ಹೇಳಿದಳು.

‘ನಾ ನಿನ್ನ ಲೈವ್ ನೋಡಕೋತ ಕುಂತಿದ್ದೆ. ಇವತ್ತು ಇವರಿಗಿ ಸುಟಿ ಇತ್ತು. ನಮ್ಮಣ್ಣ ಮಾಡೋದು ನೋಡ್ರಿ ಅಂತ ಇವರಿಗೂ ತೋರಿಸ್ದೆ. ಅಷ್ಟಕ್ಕ ಬಿಡಬೇಕಿತ್ತು. ಇವರು ಏನೋ ಅಂದ್ರು, ನಿನಗ ಅಂದ್ರು. ನನಗ ತಡೀಲಿಲ್ಲ. ನಮ್ಮಣ್ಣ ಎಂಥ ಕೆಲಸ ಇರ್ಲಿ, ನಾ ಕರದ್ರ ಬಿಟ್ಟು ಬರ್ತಾನ ಅಂದೆ.’

‘ಆಮ್ಯಾಲ?’

‘ಹಂಗಾದ್ರ ಕರಿ ಅಂದ್ರು. ಅಣ್ಣ ಬೈತಾನ, ಲೈವ್‌ದಾಗ ಅದಾನ ಅಂದೆ. ಬಾಗಲದ ಅಗಳಿ ತಗೊಂಡ್ರು. ನಿಮ್ಮಣ್ಣ ಎತ್ತಿದ್ರ ಬಿಡತೀನಿ, ಎತ್ತದಿದ್ರ ಒಂದು ಅಂದ್ರು. ಎತ್ತಿದ್ರ ಚಿತ್ರ ನಿಂದರತದಲ್ಲ, ನಾನೇ ಹೇಳಿದ್ದೆ ಅವರಿಗಿ, ಕಾಳಗಿದು. ತಮ್ಮ ಫೋನ್‌ನ್ಯಾಗ ನಿನ್ನ ಲೈವ್ ಹಚ್ಚಿ ಗೋಡಿಗಿ ಆನಿಸಿ ಇಟ್ರು. ನೀ ಕಟ್ ಮಾಡಿದ ಮ್ಯಾಲೂ, ಲೈವ್ ನಿಂದ್ರಿಸಿ ತಿರುಗಿ ಮಾಡತೀ ಏನೋ ಅಂತ ನೋಡತಿದ್ರು, ಅರ್ಧ ನಿಮಿಷ. ಚಿತ್ರ ತಡಾ ಮಾಡಿ ಬರ್ತದಂತ ಅವರಿಗಿ ಗೊತ್ತದ. ಅರ್ಧ ನಿಮಿಷ ಆದ ಮ್ಯಾಲ ಒಂದು.’

ಇಮಾಮ್ಬೀ ನೀರಿನ ಲೋಟ ತಂದು ಅವಳ ತುಟಿಗೆ ಹಿಡಿದಳು. ನೀರು ಗದ್ದದ ಮೇಲೆ ಕೆಂಪಾಗಿ ಇಳಿಯಿತು. ಅಣವೀರ ಲೆಕ್ಕ ಹಾಕುತ್ತಿದ್ದ. ಎರಡನೆಯದಕ್ಕೆ ಮದುಮಗನ ಕಾಲು ತೊಳೆಯುತ್ತಿದ್ದರು. ಮೂರನೆಯದಕ್ಕೆ ಅವನು ಅವಳ ಕಪಾಳಕ್ಕೆ ಬಿಗಿಯುವ ಸುಖದಲ್ಲಿದ್ದ. ಅದಾಗಿ ಅರ್ಧ ನಿಮಿಷಕ್ಕೆ ಇಲ್ಲಿ ಅಗಳಿ ಬಿದ್ದಿತ್ತು.

‘ಮೂರು ಆದ ಮ್ಯಾಲ ನಿನಗ ಬರದ್ರಲ್ಲ, ಚಂದ ಬರಾಕತ್ತದ ಅಂತ. ನನಗ ತೋರಿಸಿ ಬರದ್ರು. ನೀ ಕೈ ಮುಗದಿ.’

‘ನನಗ ಗೊತ್ತಿದ್ದಿಲ್ಲವ್ವಾ.’

‘ಹೂಂ’ ಎಂದಳು. ಮತ್ತೆ ಅವಳೇ ಹೇಳಿದಳು. ‘ನಾಕನೇದಕ್ಕ ನೀ ಭಾಳೊತ್ತು ಕಟ್ ಮಾಡ್ಲಿಲ್ಲ. ಕಡೀಕ ಮಾಡ್ದಿ. ಇವರು ಅಗಳಿ ಎತ್ತಿ ನಿಂತಿದ್ರು. ಆಗ ಚಿತ್ರ ನಿಂತ್ತು ನೋಡಣ್ಣಾ. ಆ ಹುಡುಗಿ ಮಣಿ ಮ್ಯಾಲ ಹತ್ತಾಕತ್ತಿದ್ಳು, ಹಂಗೇ ನಿಂತ್ಳು. ನಾ ಅಂದೆ, ನಿಂತ್ತು ನೋಡ್ರಿ, ನಮ್ಮಣ್ಣ ನಿಂದ್ರಿಸ್ಯಾನ, ಈಗ ತಿರುಗಿ ಮಾಡತಾನ ಅಂದೆ. ಇವರು ಅಗಳಿ ಕೆಳಗ ಇಳಸಿದ್ರು. ಖರೇನೇ ಇಳಸಿದ್ರು. ಮಾಡತಾನೇನು ಅಂತ ಅವರೂ ಫೋನ್ ನೋಡಿದ್ರು.’ ಅವಳ ಒಂದು ಕಣ್ಣು ಅವನ ಮೇಲಿಂದ ಸರಿದು ಬಾಗಿಲ ಕಡೆ ಹೋಯಿತು. ‘ಆಮ್ಯಾಲ ಆ ಹುಡುಗಿ ಹತ್ತಿದ್ಳು. ಕೈ ಮುರದದ್ದು ಅದಕ್ಕ. ಉಳಿದ ಐದು ನನಗ ಅಷ್ಟು ನೆನಪಿಲ್ಲ, ಫೋನೂ ಅವರೇ ಹಚ್ಚತಿದ್ರು. ಕಡೀಕ ನನ್ನ ಫೋನ್ ಗೋಡಿಗಿ ಒಗದು ಹೊರಗ ಹೋದ್ರು.’

ಅವನು ಎದ್ದ. ಗಾಡಿಯ ಹತ್ತಿರ ಹೋಗಿ, ಕೇಬಲ್ಲಿನ ಚೀಲದಿಂದ ಫರ್ಸಿಯನ್ನು ಎಳೆದ. ಬಿಳಿ ಕೇಬಲ್ಲು ಅದಕ್ಕೆ ಸುತ್ತಿಕೊಂಡು ಬಂತು. ಬಿಡಿಸಿ ನೆಲಕ್ಕೆ ಎಸೆದ. ಎದುರು ಮನೆಯ ಕಟ್ಟೆಯ ಮೇಲೆ ಸುರೇಶಕುಮಾರ ಬಂದು ಕೂತಿದ್ದ. ತಲೆ ಬಾಚಿಕೊಂಡು, ತೊಳೆದ ಅಂಗಿ ಹಾಕಿಕೊಂಡಿದ್ದ. ಓಣಿಯ ಇಬ್ಬರು ಮೂವರು ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತರು. ‘ಬರ್ರಿ ಭಾವಾ, ಕುಂದ್ರಿ’ ಎಂದ ಸುರೇಶಕುಮಾರ. ಅವನ ದನಿಯಲ್ಲಿ ಹೆದರಿಕೆ ಇತ್ತು. ಅದು ಇತ್ತೆಂದು ಅಣವೀರನಿಗೆ ಚೆನ್ನಾಗಿ ಕೇಳಿಸಿತು, ಕೇಳಿ ತೋಳಿಗೆ ಬಲ ಬಂತು. ಅವನು ಎರಡು ಹೆಜ್ಜೆಗೆ ಓಣಿ ದಾಟಿ, ಎಡಗೈಯಿಂದ ಆ ತೊಳೆದ ಅಂಗಿಯ ಕೊರಳು ಹಿಡಿದು ಗೋಡೆಗೆ ಒತ್ತಿದ. ತಲೆ ಗೋಡೆಗೆ ಬಡಿದ ಸದ್ದಾಯಿತು. ಬಲಗೈಯಲ್ಲಿ ಕಲ್ಲು ಮೇಲೆದ್ದಿತು. ಒಡೆದ ಅಂಚು ಅವನ ಅಂಗೈಯನ್ನೇ ಕೊಯ್ದು ರಕ್ತ ಮೊಣಕೈಗೆ ಇಳಿಯುತ್ತಿತ್ತು. ಸುರೇಶಕುಮಾರ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ, ಬೇಡ ಭಾವಾ ಎಂದ. ಇಮಾಮ್ಬೀಯ ಬಾಗಿಲಿಗೆ ಅಂಬಿಕಾ ಬಂದು, ಲಟ್ಟಣಿಗೆ ಕಟ್ಟಿದ ಕೈಯನ್ನು ಎದೆಗವಚಿಕೊಂಡು ನಿಂತದ್ದು ಅವನಿಗೆ ಓರೆಗಣ್ಣಿನಲ್ಲಿ ಕಂಡಿತು. ಹೊಡೆ ಎನ್ನಲಿಲ್ಲ, ಬೇಡ ಎನ್ನಲಿಲ್ಲ, ನೋಡುತ್ತಿದ್ದಳು.

ಜೇಬಿನಲ್ಲಿ ಫೋನು ಗುರುಗುಟ್ಟಿತು.

ಒಂದೇ ರಿಂಗು. ಎರಡನೆಯದು ಆಗುವ ಮೊದಲೇ ಅಣವೀರನ ಎಡಗೈ ಅಂಗಿಯ ಕೊರಳನ್ನು ಬಿಟ್ಟಿತ್ತು, ಬಲಗೈ ಕಲ್ಲನ್ನು ಕಟ್ಟೆಯ ಮೇಲೆ, ಒಡೆಯದ ಹಾಗೆ, ಮೆಲ್ಲಗೆ ಇಟ್ಟಿತ್ತು. ಹೆಬ್ಬೆರಳು ಹಸಿರನ್ನು ಒತ್ತಿದಾಗ ಗಾಜಿನ ಮೇಲೆ ರಕ್ತ ಹತ್ತಿತು. ಕಾಶಪ್ಪ ಸಾಹುಕಾರರ ದನಿ ಓಣಿಯ ಆ ಕಡೆಯವರಿಗೂ ಕೇಳುವಷ್ಟು ಜೋರಾಗಿತ್ತು.

‘ಅಣವೀರಾ, ಮಗ ಫೋನ್ ಮಾಡಿದ್ದ ನೋಡು. ಪೂರಾ ನೋಡ್ಯಾನ. ಅಕ್ಕಿಕಾಳು ಬಿದ್ದಿದ್ದು ನೋಡಿ ಅಳಾಕತ್ತಿದ್ದ. ಭಾಳ ಛಲೋ ಮಾಡ್ದಿ. ನಡುವೊಮ್ಮಿ ತಂಗಿ ಮಣಿ ಹತ್ತುವಾಗ ಚೂರು ನಿಂತಂಗಾತಂತ, ಅದೊಂದೇ.’

‘ಅದು ನಂದೇ ತಪ್ಪುರಿ ಸಾಹುಕಾರ್ರೆ’ ಎಂದ ಅಣವೀರ. ಬೆನ್ನು ತಾನಾಗಿಯೇ ಬಾಗಿತ್ತು. ‘ಇನ್ನೊಮ್ಮಿ ನಿಂದ್ರಂಗಿಲ್ರಿ.’

ಹೇಳಿದ ಮೇಲೆ ಅವನು ತಿರುಗಿ ನೋಡಿದ. ಸುರೇಶಕುಮಾರ ಗೋಡೆಗೆ ಒರಗಿಕೊಂಡೇ ಅಂಗಿಯ ಕೊರಳು ಸರಿಮಾಡಿಕೊಳ್ಳುತ್ತಿದ್ದ. ಅವನು ನಗಲಿಲ್ಲ, ನಗಬೇಕಾದ ಅಗತ್ಯ ಅವನಿಗಿರಲಿಲ್ಲ. ಕಲ್ಲು ಇಬ್ಬರ ನಡುವೆ ಕಟ್ಟೆಯ ಮೇಲಿತ್ತು, ಕೈ ಚಾಚಿದರೆ ಸಿಗುತ್ತಿತ್ತು. ಅದನ್ನು ಮತ್ತೆ ಎತ್ತಲಾರೆ ಎಂದು ಅಣವೀರನಿಗೆ ಗೊತ್ತಾಯಿತು. ಆಟೋ ಬಂತು. ಇಮಾಮ್ಬೀ ಅಂಬಿಕಾಳ ಬೆನ್ನಿಗೆ ಕೈ ಕೊಟ್ಟು ಹತ್ತಿಸಿದಳು, ತಾನೂ ಹತ್ತಿದಳು. ಅಣವೀರ ಓಡಿಹೋಗಿ ಕಂಬಿ ಹಿಡಿದು, ‘ಅಂಬೀ, ಸರಿ ಒಂಚೂರು, ನಾನೂ ಬರ್ತೀನಿ’ ಎಂದ. ಅವಳು ಆ ಒಂದು ಕಣ್ಣಿನಿಂದ ಅವನ ಕೈಯಲ್ಲಿದ್ದ ಫೋನನ್ನು ನೋಡಿದಳು. ಪರದೆಯ ಮೇಲೆ ಕರೆ ಇನ್ನೂ ನಡೆದಿತ್ತು, ಸಾಹುಕಾರರು ಇನ್ನೂ ಏನೋ ಹೇಳುತ್ತಿದ್ದರು.

‘ನೀ ಮಾತಾಡಣ್ಣಾ’ ಎಂದಳು. ಮಜೀದ ಆಟೋ ಬಿಟ್ಟ.